ಪಾರಣೆಯಾಗದ ಗಾಡಿ

ಧರಣೇಂದ್ರ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಾರ್ಗಶಿರದ ಒಂದು ಮಂಗಳವಾರ, ಬೆಳಗಿನ ಒಂಬತ್ತೂವರೆಗೆ. ಬಸದಿಯಿಂದ ಬಂದು ಪೂಜೆಯ ಪಂಚೆಯನ್ನು ಬದಲಿಸುತ್ತಿದ್ದೆ. ಕಾರ್ಖಾನೆಯ ಫಿಟ್ಟರ್ ಮಾಬುಸಾಬ ಬಾಗಿಲಲ್ಲಿ ಬಂದು ನಿಂತ. ಅಂಗಳದಲ್ಲೇ ಚಪ್ಪಲಿ ಬಿಟ್ಟು ಬರುವ ಮನುಷ್ಯ ಅಂದು ಬೂಟು ಹಾಕಿಕೊಂಡೇ ಹೊಸ್ತಿಲ ಹತ್ತಿರ ಬಂದಿದ್ದ.

“ಸರ, ಎಂಟನೇ ಡಬ್ಬಿ ಮುರದೈತ್ರಿ,” ಎಂದ. “ಕರಿಹೊಲ ಸ್ಟೇಷನ್ ದಾಟಿ ಎರಡು ಕಿಲೋಮೀಟರ್ ಮ್ಯಾಲ. ನಟ್ಟನಡುವ ಬಾಗಿ ಕುಂತೈತಿ.”

“ತೂಕ ಎಷ್ಟಿತ್ತು?” ಎಂದು ಕೇಳಿದೆ.

ನಲವತ್ತು ವರ್ಷ ಆ ಒಂದೇ ಪ್ರಶ್ನೆ ಕೇಳಿದ ಬಾಯಿ. ಮನುಷ್ಯರ ವಿಚಾರಕ್ಕಿಂತ ಮೊದಲು ಅದೇ ಬಂತು. ಮಾಬುಸಾಬ ನನ್ನ ಮುಖವನ್ನೇ ನೋಡಿದ.

“ಸರ, ಅದರಾಗ ಧರಣಿ ಸಾಹೇಬ್ರು ಇದ್ರು. ಹನ್ನೊಂದ ಮಂದಿಗೆ ಪೆಟ್ಟಾಗೇತಿ, ಹುಬ್ಬಳ್ಳಿಗೆ ಒಯ್ದಾರ. ಸಾಹೇಬ್ರು ಒಬ್ರು ಉಳೀಲಿಲ್ರಿ. ಡಬ್ಬಿ ಕಂಬ ಬಾಗೂದು ಕಂಡ ಕೂಡ್ಲೇ ಮಂದೀನ್ನೆಲ್ಲಾ ಮುಂದಿನ ಡಬ್ಬಿಗೆ ದೂಡಿ ಕಳಿಸ್ಯಾರ. ತಾವು ಹಿಂದ ಉಳದ್ರು.”

ಧರಣೇಂದ್ರ ಚೌಗುಲೆ ನನ್ನ ತಂಗಿ ಸೋನವ್ವನ ಗಂಡ. ಕಾರ್ಖಾನೆಯ ತೂಕ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿ, ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಯಲ್ಲಿ ಕುಳಿತವನು. ನನಗೆ ಮಕ್ಕಳಿಲ್ಲ. ಕಲಿತದ್ದನ್ನೆಲ್ಲ ಅವನಿಗೇ ಕಲಿಸಿದೆ.

ತೂಕ ವಿಭಾಗವೆಂದರೆ ಏನೆಂದು ಜನ ಕೇಳುತ್ತಿದ್ದರು. ರೈಲಿನ ಡಬ್ಬಿ ಕಟ್ಟುವಾಗ ಪ್ರತಿಯೊಬ್ಬರೂ ತಮ್ಮದೊಂದಿಷ್ಟು ಸೇರಿಸುತ್ತಾರೆ. ಬಣ್ಣದವರು ಇನ್ನೊಂದು ಪದರ, ವಿದ್ಯುತ್ತಿನವರು ಇನ್ನೊಂದು ತಂತಿ, ಆಸನದವರು ಇನ್ನೆರಡು ಬೋಲ್ಟು. ಯಾರದೂ ಹೆಚ್ಚಲ್ಲ, ಎಲ್ಲ ಕೂಡಿದರೆ ಎರಡು ಟನ್ನು. ಬೇಡ ಎಂದು ಹೇಳುವುದು ನಮ್ಮ ಕೆಲಸ. ಕಾರ್ಖಾನೆಯಲ್ಲಿ ನಮ್ಮನ್ನು ಯಾರೂ ಚಹಾಕ್ಕೆ ಕರೆಯುತ್ತಿರಲಿಲ್ಲ.

ಎರೆನಾಡಿಗೆ ರೈಲು ತರಬೇಕೆಂದು ಸರ್ಕಾರ ಹೊರಟಾಗ ಈ ಬೇಡ ಎನ್ನುವವರಿಗೆ ಬೆಲೆ ಬಂತು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಸಾಮಾನ್ಯ ಗಾಡಿಯ ಭಾರವನ್ನು ಆ ನೆಲ ಹೊರುವುದಿಲ್ಲ. ಪರೀಕ್ಷೆ ಮಾಡಿ ಒಂದು ಮಿತಿ ಕೊಟ್ಟರು: ಜನ ತುಂಬಿದ ಡಬ್ಬಿ ಇಪ್ಪತ್ತೆಂಟು ಟನ್ನು ದಾಟಬಾರದು. ಎಂಬತ್ತು ಜನರ ಭಾರವೇ ಐದು ಟನ್ನಿನ ಮೇಲೆ ಇನ್ನೂರು ಕಿಲೋ. ಖಾಲಿ ಡಬ್ಬಿಗೆ ಉಳಿದದ್ದು ಇಪ್ಪತ್ತೆರಡು ಟನ್ನು ಎಂಟುನೂರು ಕಿಲೋ. ಅಷ್ಟು ಹಗುರವಾದ ಡಬ್ಬಿಯನ್ನು ಯಾರೂ ಕಟ್ಟಿರಲಿಲ್ಲ.

ಆಗ ಅಸ್ಥಿಲೋಹ ಬಂತು. ನಮ್ಮ ಮೂಳೆಯ ಸ್ವಭಾವ ಎಲ್ಲರಿಗೂ ಗೊತ್ತು. ಭಾರ ಬೀಳುವ ಕಡೆ ಗಟ್ಟಿಯಾಗುತ್ತದೆ, ಕೆಲಸವಿಲ್ಲದ ಕಡೆ ಸವೆಯುತ್ತದೆ. ಈ ಲೋಹಕ್ಕೂ ಅದೇ ಗುಣ. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳಲ್ಲಿ ಒಂದು ದ್ರವ. ಮಂದವಾದ ಕರೆಂಟು ಹಾಯಿಸಿ ಗಾಡಿಯನ್ನು ಓಡಿಸಿದರೆ, ಒತ್ತಡವಿಲ್ಲದ ಕಡೆಯ ಲೋಹ ಕರಗಿ ಆ ದ್ರವದಲ್ಲಿ ಹರಿದು, ಕೆಳಗಿನ ತಟ್ಟೆಯಲ್ಲಿ ಬೂದುಬಣ್ಣದ ಪುಡಿಯಾಗಿ ಕೂಡುತ್ತದೆ. ಜನರ ಬದಲು ಮರಳಿನ ಚೀಲ ಹೇರಿ, ಪರೀಕ್ಷೆಯ ಹಳಿಯ ಮೇಲೆ ನಲವತ್ತು ದಿನ ಓಡಿಸಿದೆವು. ಮೂವತ್ತು ಟನ್ನಿನ ಡಬ್ಬಿ ದಿನದಿನಕ್ಕೆ ಇಳಿದು ಇಪ್ಪತ್ತೆರಡೂವರೆಗೆ ಬಂದು ನಿಂತಿತು.

ಆ ನಲವತ್ತು ದಿನಗಳಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರಿತ್ತು. ನಾನು ಅದನ್ನು ಉಪವಾಸ ಎಂದು ಕರೆದೆ. ಅದರ ಕೊನೆಗೆ ದ್ರವವನ್ನೆಲ್ಲ ಬಸಿದು, ರಂಧ್ರಗಳಲ್ಲಿ ಬಿಸಿ ಅಂಟು ತುಂಬಿ, ಎಂಟು ಗಂಟೆ ಕಾಯಿಸಬೇಕು. ಆಗ ಲೋಹದ ಚಲನೆ ನಿಂತು, ಇದ್ದ ಆಕಾರದಲ್ಲಿ ಸ್ಥಿರವಾಗುತ್ತದೆ. ಉಪವಾಸ ಮುಗಿದ ಮೇಲೆ ಆಹಾರ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಪಾರಣೆ ಎನ್ನುತ್ತೇವೆ. ಅಂಟು ತುಂಬುವುದಕ್ಕೂ ಅದೇ ಹೆಸರು ನಿಂತಿತು. ಕಾಗದಪತ್ರದಲ್ಲೂ ‘ಪಾರಣೆ ಪತ್ರ’ ಎಂದೇ ಅಚ್ಚಾಯಿತು.

ಮಾಬುಸಾಬ ನಗುತ್ತಿದ್ದ. “ನಮ್ಮ ರೋಜಾದಾಗ ಸಂಜೀಕರೆ ಊಟ ಐತ್ರಿ ಸರ. ನಲವತ್ತ ದಿನ ಬರೇ ನೀರಿನ ಮ್ಯಾಲ ಅಂದ್ರ, ಈ ಡಬ್ಬಿ ಪಕ್ಕಾ ನಿಮ್ಮ ಪೈಕಿನ.”

ಧರಣೇಂದ್ರನದು ದೊಡ್ಡ ಹೊಟ್ಟೆ. ಅವನು ಊಟಕ್ಕೆ ಕುಳಿತಾಗ ತಂಗಿ ಬಿಡುತ್ತಿರಲಿಲ್ಲ. “ಏಳೂವರೆ ಟನ್ ಇಳಿಸೀನಿ ಅಂತ ಊರೆಲ್ಲ ಹೇಳ್ಕೋತ ಅಡ್ಯಾಡ್ತೀರಿ. ಇದನ್ನ ಯಾವಾಗ ಇಳಸ್ತೀರಿ?”

“ಡಬ್ಬಿಗೆ ನಿನ್ನಂಥಾಕಿ ಹೋಳಿಗಿ ಬಡಸೂದಿಲ್ಲ, ಅದಕ್ಕ ಇಳೀತು,” ಎಂದು ಅವನು ತಟ್ಟೆ ಮುಂದೆ ಸರಿಸುತ್ತಿದ್ದ.

ಪಾರಣೆಯಾಗದಿದ್ದರೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೊರಗಿನ ಕರೆಂಟು ತೆಗೆದರೂ ಲೋಹ ಎಚ್ಚರವಾಗಿಯೇ ಇರುತ್ತದೆ. ಮೋಟಾರಿನಿಂದ ಸೋರುವ ಅಲ್ಪ ವಿದ್ಯುತ್ತು, ಹಳಿಯ ನಡುಕ, ಇಷ್ಟು ಸಾಕು. ಮಧ್ಯಾಹ್ನ ಖಾಲಿ ಓಡುವ ಗಾಡಿ ತನಗೆ ಭಾರವೇ ಇಲ್ಲವೆಂದು ತಿಳಿದು ಕಂಬಗಳನ್ನೂ ಸವೆಸತೊಡಗುತ್ತದೆ. ಎಷ್ಟು ಬೇಗ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷ ಬೇಕೆಂದು ಕೆಲವರು ಹೇಳುತ್ತಿದ್ದರು.

ಮಾದರಿ ಡಬ್ಬಿಗೆ ನನ್ನೆದುರಿಗೇ ಪಾರಣೆಯಾಯಿತು. ಇನ್ನೂರೈವತ್ತು ಕಿಲೋ ಅಂಟು ಹಿಡಿಯಬಹುದೆಂದು ಎಣಿಸಿದ್ದೆವು. ಆರುನೂರ ನಲವತ್ತು ಹಿಡಿಯಿತು. ಮಿತಿಗಿಂತ ಮುನ್ನೂರ ನಲವತ್ತು ಕಿಲೋ ಹೆಚ್ಚು. ಐದು ಆಸನ ತೆಗೆಯಿರಿ, ಸರಿಹೋಗುತ್ತದೆ ಎಂದು ಬರೆದುಕೊಟ್ಟೆ. ಮೇಲಿನವರು ಒಪ್ಪಲಿಲ್ಲ. ಎಂಬತ್ತು ಆಸನವೆಂದು ಈಗಾಗಲೇ ಸಾರಿಯಾಗಿದೆ, ದಸರೆಗೆ ಗಾಡಿ ಹೊರಡಲೇಬೇಕು ಎಂದರು.

“ನೀವು ಚಿಂತೀ ಮಾಡಬ್ಯಾಡ್ರಿ ಭಾವಾರ,” ಎಂದ ಧರಣೇಂದ್ರ. “ತೆಳ್ಳನ ಅಂಟು ಒಂದು ಹುಡಿಕೀನಿ. ಇನ್ನೂರ ನಲವತ್ತರಾಗ ಮುಗೀತೈತಿ.”

ಅವನು ಹುಟ್ಟಿದ್ದು ಅದೇ ಎರೆನಾಡಿನ ಒಂದು ಹಳ್ಳಿಯಲ್ಲಿ. ಮಳೆಗಾಲ ಬಂತೆಂದರೆ ಎತ್ತಿನ ಗಾಡಿ ಅಚ್ಚಿನವರೆಗೆ ಹೂತುಹೋಗುವ ಊರು. ಆ ರೈಲಿನ ಮೇಲೆ ಅವನಿಗಿದ್ದ ಆಸೆ ನನಗೆ ಗೊತ್ತಿತ್ತು. ನಂಬಿದೆ.

ನಾನು ನಿವೃತ್ತನಾಗಿದ್ದರೂ ಕಾರ್ಖಾನೆಯವರು ಒಂದು ಕೆಲಸವನ್ನು ನನಗೆ ಉಳಿಸಿದ್ದರು. ಪಾರಣೆ ಪತ್ರಕ್ಕೆ ಸಾಕ್ಷಿಯ ಸಹಿ ನನ್ನದು. ಡಬ್ಬಿ ತೂಕದ ಕಟ್ಟೆಯ ಮೇಲೆ ನಿಂತದ್ದನ್ನು ಕಣ್ಣಾರೆ ನೋಡದೆ ಸಹಿ ಹಾಕಬಾರದು. ಆ ನಿಯಮವನ್ನು ಮಾಡಿದವನೂ ನಾನೇ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ನಾನು ಹತ್ತು ದಿನವೂ ನೀರಿನ ಮೇಲೆಯೇ ಇರುತ್ತೇನೆ. ಹತ್ತನೆಯ ದಿನ ಅನಂತ ಚತುರ್ದಶಿ. ಅಂದು ಬೆಳಿಗ್ಗೆ ಬಸದಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕುಳಿತಿದ್ದೆ. ಎದ್ದು ನಡೆಯುವ ಶಕ್ತಿ ಇರಲಿಲ್ಲ. ಧರಣೇಂದ್ರ ಕಾಗದಗಳನ್ನು ಎದೆಗೆ ಒತ್ತಿಕೊಂಡು ಬಂದ. ಎಂಟು ಡಬ್ಬಿಗಳ ಎಂಟು ಪತ್ರ.

“ಪಾರಣೆ ಆತ್ರಿ ಭಾವಾರ,” ಎಂದ.

“ಎಲ್ಲಾ ಸುಸೂತ್ರ?”

“ಆತು. ಚೊಲೋ ಆತು.”

ಎಂಟೂ ಪತ್ರಕ್ಕೆ ಸಹಿ ಹಾಕಿದೆ. ಬಸದಿಯ ಮೆಟ್ಟಿಲು, ಪರ್ವದ ಕೊನೆಯ ದಿನ, ತಂಗಿಯ ಗಂಡ. ತೂಕದ ಕಟ್ಟೆ ನನಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಇವನ ಮಾತಿದೆಯಲ್ಲ ಎಂದುಕೊಂಡೆ.

ದಸರೆಗೆ ಗಾಡಿ ಹೊರಟಿತು. ಎರೆನಾಡಿನ ಜನ ಎಂಜಿನ್ನಿಗೆ ಹಾರ ಹಾಕಿದರು. ಮೂರು ತಿಂಗಳಾಗುವ ಮೊದಲೇ ಎಂಟನೆಯ ಡಬ್ಬಿ ಮುರಿಯಿತು.

ದಹನವಾದ ಮೂರನೆಯ ದಿನ ಮಧ್ಯಾಹ್ನ ತನಿಖೆಯ ಅಧಿಕಾರಿ ನನ್ನನ್ನು ಕರೆಸಿದರು. ವಿಶಾಲಾಕ್ಷಿ ಹೊಂಬಾಳೆ ಎಂದು ಹೆಸರು, ಕಡಿಮೆ ಮಾತಿನ ಹೆಣ್ಣುಮಗಳು. ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದರು. ಗೋಡೆಯ ದೊಡ್ಡ ಪರದೆಯ ಮೇಲೆ ಬೇರೆ ಬೇರೆ ಗಾಡಿಗಳಿಗೆ ಜೋಡಿಸಿದ ಉಳಿದ ಏಳು ಡಬ್ಬಿಗಳು ಏಳು ಹಸಿರು ಚುಕ್ಕೆಗಳಾಗಿ ಎರೆನಾಡಿನಲ್ಲಿ ಹರಿಯುತ್ತಿದ್ದವು. ಮೇಜಿನ ಮೇಲೆ ಕಂಬದ ಒಂದು ತುಂಡನ್ನು ಇಟ್ಟಿದ್ದರು.

“ಉಪಾಧ್ಯೆಯವರೇ, ನಿಮ್ಮ ಪತ್ರದ ಪ್ರಕಾರ ಈ ಕಂಬದ ದಪ್ಪ ಒಂಬತ್ತು ಮಿಲಿಮೀಟರ್. ಈಗ ಮೂರಿದೆ.”

“ಸಾಧ್ಯವಿಲ್ಲ. ಪಾರಣೆಯಾದ ಲೋಹ ಸವೆಯುವುದಿಲ್ಲ.”

“ಇದರಲ್ಲಿ ಅಂಟು ಕಾಣುತ್ತಿಲ್ಲ. ಈ ಒಂದು ಡಬ್ಬಿಗೆ ಸರಿಯಾಗಿ ಇಳಿದಿಲ್ಲ ಎಂದು ಕಾರ್ಖಾನೆಯವರು ಹೇಳುತ್ತಾರೆ. ಉಳಿದ ಏಳಕ್ಕೆ ನಿಮ್ಮ ಸಹಿ ಇದೆ. ನಿಮ್ಮ ಸಹಿಯ ಮೇಲೆ ಅವು ಓಡುತ್ತಿವೆ.” ಅವರು ಕಂಬದ ತುಂಡನ್ನು ನನ್ನ ಕಡೆ ಸರಿಸಿದರು. “ತೂಗುವಾಗ ನೀವಿದ್ದಿರಿ, ಅಲ್ಲವೇ?”

ನಾಳೆ ಬೆಳಿಗ್ಗೆ ಬಂದು ಹೇಳಿಕೆ ಕೊಡುತ್ತೇನೆ ಎಂದು ಎದ್ದು ಬಂದೆ. ಇರಲಿಲ್ಲ ಎಂಬ ಒಂದು ಮಾತು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಹೊರಗೆ ಮಾಬುಸಾಬ ಕಾಯುತ್ತಿದ್ದ. “ಅಂಟು ತುಂಬೂ ದಿನ ನೀ ಇದ್ದಿಯೇನೋ?” ಎಂದು ಕೇಳಿದೆ.

“ಇಲ್ರಿ. ಐತವಾರ ಹೊರಗಿನ ಮಂದಿ ಬರ್ತಾರ, ನಿಮಗೆಲ್ಲಾ ಸೂಟಿ ಅಂತ ಧರಣಿ ಸಾಹೇಬ್ರು ಅಂದ್ರು. ಮುಂದ ನಾ ಕೆಳಗಿನ ತಟ್ಟಿ ಬಿಚ್ಚಾಕ ಹೋದ್ರ, ಇರ್ಲಿ ಬಿಡೋ ಅಂದ್ರು. ಪಾರಣೆ ಆದ ಮ್ಯಾಲ ತಟ್ಟಿ ಯಾಕ ಬೇಕ್ರಿ ಸರ?”

ಅಲ್ಲಿಂದ ನೇರ ತಂಗಿಯ ಮನೆಗೆ ನಡೆದೆ.

ಸೋನವ್ವ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಬಂದವರೆಲ್ಲ ಹೋಗಿದ್ದರು. ನನಗೆ ನೀರು ಕೊಟ್ಟು, ಅವಳೇ ಮಾತು ತೆಗೆದಳು. “ಕಾರ್ಖಾನಿ ದೊಡ್ಡ ಸಾಹೇಬ್ರು ಬಂದಿದ್ರಣ್ಣಾ. ಕರಿಹೊಲ ಸ್ಟೇಷನ್ನಿಗೆ ಇವರ ಹೆಸರು ಇಡ್ತಾರಂತ. ಮಂದಿ ಜೀವ ಉಳಿಸಿ ಹೋದ್ರು ಅಂತ ಪೇಪರದಾಗ ಬಂದೈತಿ.”

“ಸೋನವ್ವ, ಮಂಗಳವಾರ ಅಂವ ಆ ಗಾಡಿಗೆ ಯಾಕ ಹೋಗಿದ್ದ?”

“ಪ್ರತಿ ಮಂಗಳವಾರ ಹೋಗ್ತಿದ್ರಲ್ಲ. ಬರೂವಾಗ ಚೀಲದಾಗ ಅದೇನೋ ಬೂದಿ ತರ್ತಿದ್ರು. ನನ್ನ ಅಡಗಿ ತಕ್ಕಡಿಯೊಳಗ ತೂಗೂದು, ಚೀಟಿಯೊಳಗ ಬರಿಯೂದು. ರವಾ ತೂಗೂ ತಕ್ಕಡಿರೀ ಅದು ಅಂತ ಎಷ್ಟ ಬೈದೀನಿ.” ಅವಳು ಎದ್ದು ಹಪ್ಪಳದ ಡಬ್ಬಿಯ ಹಿಂದಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು.

ಮುಚ್ಚಳ ತೆಗೆದೆ. ಬೂದುಬಣ್ಣದ ಲೋಹದ ಪುಡಿ. ಮೇಲೆ ಮಡಚಿದ ಚೀಟಿ, ಅವನ ದುಂಡನೆಯ ಅಕ್ಷರ. ಒಂದರಿಂದ ಎಂಟರವರೆಗೆ ಡಬ್ಬಿಗಳ ಸಂಖ್ಯೆ, ವಾರವಾರದ ತೂಕ. ಮೊದಲು ಪ್ರತಿ ವಾರ ಕಡಿಮೆಯಾಗುತ್ತ ಬಂದಿತ್ತು. ನಿಲ್ಲುತ್ತದೆ ಎಂದು ಅವನು ಕಾದಿರಬೇಕು. ಕಾರ್ತಿಕದಿಂದ ಈಚೆಗೆ ಎಂಟರಲ್ಲೂ ಏರತೊಡಗಿತ್ತು. ಎಂಟನೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು. ಅಂಟು ತುಂಬಿದ್ದರೆ ಪುಡಿಯೇ ಬೀಳಬಾರದು; ಆ ತೆಳ್ಳನೆಯ ಅಂಟು ಕೈಕೊಟ್ಟು, ದಸರೆಯ ಗಡುವಿಗಾಗಿ ಎಂಟಕ್ಕೂ ಪಾರಣೆಯನ್ನೇ ಬಿಟ್ಟಿರಬೇಕು. ಅವನಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

“ಅಂವ ಬಸದೀ ಮೆಟ್ಟಿಲ ಮ್ಯಾಲ ನಿಂತು ಪಾರಣೆ ಆತು ಅಂದನಲ್ಲವ್ವಾ,” ಎಂದೆ. “ದೇವರ ಮುಂದ ಸುಳ್ಳು ಹೇಳಿದನಲ್ಲ.”

“ಯಾವತ್ತ?”

“ಚತುರ್ದಶಿ ದಿನ ಮುಂಜಾನೆ.”

ಸೋನವ್ವ ಹುಬ್ಬು ಗಂಟಿಕ್ಕಿದಳು. “ಸುಳ್ಳಲ್ಲಣ್ಣಾ. ಅವತ್ತ ಇವರು ಖರೇನೇ ಪಾರಣೆ ಮಾಡಿದ್ರು. ತ್ರಯೋದಶಿ ದಿನ ಉಪವಾಸ ಹಿಡಿದು, ಚತುರ್ದಶಿ ಮುಂಜಾನೆ ಬಿಟ್ರು. ಊರ ಮಂದಿ ಎಲ್ಲಾ ಉಪವಾಸ ಇರೂ ದಿನ ನೀವು ಪಾರಣೆ ಮಾಡ್ತೀರೇನ್ರಿ ಅಂತ ನಾ ಜಗಳಾ ತಗದೆ. ಹೆಸರಬ್ಯಾಳಿ ಕಟ್ಟು ಕುಡದು, ಇಷ್ಟು ಆಗಬೇಕಿತ್ತು, ಇನ್ನ ನಿಮ್ಮಣ್ಣನ ಕಡೆ ಹೋಗಿ ಬರ್ತೀನಿ ಅಂತ ಎದ್ದು ಹೋದ್ರು.”

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳಾಗದ ಹಾಗೆ ಒಂದು ಮಾತನ್ನು ಸಿದ್ಧಪಡಿಸಿಕೊಂಡು ಬಂದಿದ್ದ. ಚತುರ್ದಶಿಯ ದಿನ ಜೈನ ಶ್ರಾವಕನೊಬ್ಬ ಪಾರಣೆ ಆಯಿತು ಎಂದರೆ, ಅದು ಅವನ ಹೊಟ್ಟೆಯ ಮಾತಾಗಿರಲು ಸಾಧ್ಯವೇ ಇಲ್ಲವೆಂದು ನಾನು ತಿಳಿಯುತ್ತೇನೆ. ಗಾಡಿಯದೇ ಎಂದು ತಿಳಿಯುತ್ತೇನೆ. ಅದು ಅವನಿಗೆ ಗೊತ್ತಿತ್ತು. ತನ್ನ ಸತ್ಯವ್ರತಕ್ಕೆ ಭಂಗ ಬರಬಾರದು, ನನ್ನ ಸಹಿಯೂ ಸಿಗಬೇಕು. ಅದಕ್ಕಾಗಿ ಒಂದು ದಿನ ಮೊದಲೇ ಉಪವಾಸ ಹಿಡಿದ. ನಾನು ಇಟ್ಟ ಹೆಸರು, ನನ್ನ ಧರ್ಮ, ನನ್ನ ನಿಶ್ಶಕ್ತಿ, ನನ್ನ ಪ್ರೀತಿ, ಯಾವುದನ್ನೂ ಬಿಡದೆ ಎಲ್ಲವನ್ನೂ ತೂಗಿ ನೋಡಿ ಉಪಯೋಗಿಸಿಕೊಂಡಿದ್ದ. ತೂಗುವುದನ್ನು ಕಲಿಸಿದವನು ನಾನೇ ಅಲ್ಲವೇ!

ಮುಖಕ್ಕೆ ಎದುರಾಗಿ ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಸುಳ್ಳುಗಾರನಿಗೆ ಒಂದಲ್ಲ ಒಂದು ದಿನ ನಾಚಿಕೆಯಾಗುತ್ತದೆ. ಇವನು ನಾಚಿಕೆಗೂ ಜಾಗ ಇಟ್ಟುಕೊಂಡಿರಲಿಲ್ಲ.

ತಂಗಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಗೋಡೆಯ ಕಡೆ ತಿರುಗಿಕೊಂಡಳು.

“ಇದನ್ನ ಹೊರಗ ಹೇಳ್ತೀಯೇನು?”

“ಹೇಳಬೇಕಾಗ್ತದ.”

“ಅವರು ಹೋಗಿ ಇನ್ನಾ ನಾಕ ದಿನ ಆಗಿಲ್ಲ. ಕುಂಕುಮ ಹೋತು. ಇನ್ನ ಹೆಸರೂ ಅಳಿಸಿಬಿಡ್ತೀ? ಮಂದಿ ನನ್ನ ನೋಡಿ ಏನಂತಾರ? ಮಂದಿ ಜೀವ ಉಳಿಸಿದಾಂವನ ಹೇಂತಿ ಅನ್ನೂದ ಬಿಟ್ಟು...” ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಿನ್ನ ಸಹಿ ಐತೆಲ್ಲ, ನಿನಗೂ ಬರ್ತೈತಿ,” ಎಂದಳು. ಅಂಜಿಸುವ ದನಿಯಲ್ಲ, ಬೇಡುವ ದನಿ.

“ಬರ್ಲಿ. ನೋಡದಽ ಹಾಕಿದ್ದು ನಾನು.”

“ಹೇಳಲಿಲ್ಲಂದ್ರ?”

“ನಾಳೆ ಮುಂಜಾನೆ ಆರೂ ಹತ್ತಕ್ಕ ಮೊದಲನೇ ಗಾಡಿ ಬಿಡ್ತದ. ಏಳೂ ಡಬ್ಬಿ ಹಿಂಗಽ ಅದಾವು.”

ಒಲೆಯ ಮೇಲಿನ ಹಾಲು ಉಕ್ಕಿತು. ಎದ್ದು ಇಳಿಸಿದಳು, ನೆಲ ಒರೆಸಿದಳು. ಆಮೇಲೆ ಆ ಡಬ್ಬಿಯ ಮುಚ್ಚಳ ಬಿಗಿದು, ಒಂದು ಬಟ್ಟೆಯ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು.

“ಶನಿವಾರ ಆರೂ ಹತ್ತರ ಗಾಡಿಗೆ ಹಾಲಿನ ಹೆಣ್ಣಮಕ್ಕಳು ಹತ್ತತಾರ, ಕೂಸು ಕಟಗೊಂಡು,” ಎಂದಳು. “ಈಗಽ ಹೋಗು. ಕತ್ತಲಿ ಆಗೂದ್ರಾಗ ಹೋಗು. ಆದ್ರ ನನ್ನ ಮುಂದ ಮಾತ್ರ ಇನ್ನೊಮ್ಮೆ ಅವರನ್ನ ಬೈಯಬ್ಯಾಡ.”

ವಿಶಾಲಾಕ್ಷಿಯವರು ಇನ್ನೂ ಕೊಠಡಿಯಲ್ಲೇ ಇದ್ದರು. ಡಬ್ಬಿಯನ್ನೂ ಚೀಟಿಯನ್ನೂ ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮೊದಲು ನನ್ನ ತಪ್ಪನ್ನು ಹೇಳಿದೆ. ಅವರು ಬರೆದುಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ ಫೋನು ಎತ್ತಿದರು. ಪರದೆಯ ಮೇಲೆ ಓಡುತ್ತಿದ್ದ ಚುಕ್ಕೆಗಳು ಒಂದೊಂದಾಗಿ ಹತ್ತಿರದ ಸ್ಟೇಷನ್ನಿನಲ್ಲಿ ನಿಂತವು. ಏಳನೆಯದು ನಿಂತ ಮೇಲೆ ಅವರು ಫೋನು ಇಟ್ಟರು.

ಮರುದಿನ ಅಳತೆ ಮಾಡಿದರು. ಏಳರಲ್ಲಿ ಮೂರು ಡಬ್ಬಿಗಳ ಕಂಬಗಳು ನಾಲ್ಕು ಮಿಲಿಮೀಟರಿಗೆ ಇಳಿದಿದ್ದವು. ಇನ್ನು ಎಷ್ಟು ದಿನ ತಡೆಯುತ್ತಿದ್ದವೋ ಭಗವಂತನಿಗೇ ಗೊತ್ತು.

ಎರೆನಾಡಿನ ರೈಲು ನಿಂತಿತು. ಐದು ಆಸನ ಕಡಿಮೆ ಮಾಡಿ, ಸರಿಯಾದ ಅಂಟು ತುಂಬಿ ಮತ್ತೆ ಓಡಿಸಲು ಏಳೆಂಟು ತಿಂಗಳು ಬೇಕೆಂದರು. ಜನ ಮತ್ತೆ ಕೆಸರಿಗೆ ಇಳಿದರು. ಕರಿಹೊಲ ಸ್ಟೇಷನ್ನಿನ ಹಳೆಯ ಹೆಸರಿನ ಹಲಗೆ ಹಾಗೆಯೇ ಉಳಿಯಿತು. ಬಜಾರದಲ್ಲಿ ನನ್ನನ್ನು ಕಂಡ ಒಬ್ಬರು, “ಸತ್ತಾವಂದು ಮಾತಾಡಬಾರದಿತ್ರಿ ಗುರುಗಳ,” ಎಂದರು. ಇನ್ನೊಬ್ಬರು, “ಇದ್ದಾಗ ಯಾಕ ನೋಡಲಿಲ್ಲ?” ಎಂದರು. ಎರಡನೆಯವರು ಹೇಳಿದ್ದು ಸರಿ. ತನ್ನದೇ ಚೀಟಿಯಲ್ಲಿ ತೂಕ ಏರುವುದನ್ನು ಕಂಡೂ ನಾಲ್ಕು ವಾರ ಸುಮ್ಮನಿದ್ದ ಮನುಷ್ಯ, ಕಂಬ ಬಾಗಿದ ಗಳಿಗೆಯಲ್ಲಿ ಎಲ್ಲರನ್ನೂ ದಾಟಿಸಿ ತಾನು ಉಳಿದ ಮನುಷ್ಯ, ಇಬ್ಬರೂ ಒಬ್ಬನೇ. ಇದನ್ನು ಕೂಡಿಸುವ ಗಣಿತ ನನಗೆ ಬಾರದು.

ಸೂತಕ ಕಳೆದ ದಿನ ಬಸದಿಯಲ್ಲಿ ಶಾಂತಿಪೂಜೆ ಮಾಡಿಸಿದೆವು. ನೂರು ಜನ ಬರುವ ಕಡೆ ಹದಿನಾಲ್ಕು ಜನ ಬಂದಿದ್ದರು. ಮಾಬುಸಾಬ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಸೋನವ್ವ ನನ್ನ ಕಡೆ ನೋಡಲಿಲ್ಲ. ಕುಟುಂಬದ ಹಿರಿಯನಾಗಿ ಪ್ರಾರ್ಥನೆ ಹೇಳಬೇಕಾದವನು ನಾನು. ಕೈಮುಗಿದು ನಿಂತೆ. ಪ್ರಾರ್ಥನೆಯ ಬದಲು ಭಾದ್ರಪದದ ಇನ್ನೊಂದು ದಿನ ನೆನಪಾಯಿತು.

ಚತುರ್ದಶಿ ಕಳೆದು ಎರಡು ದಿನಕ್ಕೆ ಕ್ಷಮಾವಾಣಿ. ವರ್ಷದಲ್ಲಿ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಬೇಡುವ ದಿನ. ಅಂದು ಧರಣೇಂದ್ರ ನನ್ನ ಮನೆಗೆ ಬಂದು, ಕೈಮುಗಿಯುವುದರ ಬದಲು ನನ್ನ ಕಾಲು ಹಿಡಿದಿದ್ದ. “ತಿಳಿದು ಮಾಡಿದ್ದು, ತಿಳೀದ ಮಾಡಿದ್ದು, ಎಲ್ಲಾ ಕ್ಷಮಾ ಮಾಡ್ರಿ ಭಾವಾರ,” ಎಂದಿದ್ದ. ಏಳೋ ಹುಚ್ಚಾ, ಕ್ಷಮಿಸಿದೆ ಎಂದು ನಗುತ್ತ ಎಬ್ಬಿಸಿದ್ದೆ. ಆ ಕ್ಷಮೆಯನ್ನೂ ನಾನು ನೋಡದೆಯೇ ಕೊಡುವಂತೆ ಮಾಡಿ ಹೋದನಲ್ಲ ಎಂದು ಆ ಕ್ಷಣ ಸಿಟ್ಟು ಬಂತು. ಆದರೆ ಎರಡು ಸಲ ಏಳೆಂದರೂ ಅವನು ಕಾಲು ಬಿಟ್ಟಿರಲಿಲ್ಲ. ಅದು ನನಗೆ ನೆನಪಿದೆ. ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ಪಡೆಯಲು ನಮ್ಮಲ್ಲಿ ಯಾವ ವಿಧಿಯೂ ಇಲ್ಲ. ತಿಳಿದ ಮೇಲೆ ಇನ್ನೊಮ್ಮೆ ಕೊಡಬಹುದು, ಅಷ್ಟೇ.

ಕೊನೆಗೆ ಹೀಗೆ ಹೇಳಿದೆ:

“ಶಾಂತಿನಾಥ ಸ್ವಾಮೀ, ಈ ಜೀವ ನನಗೆ ಮೋಸ ಮಾಡಿತು. ಅದನ್ನು ನಿನ್ನ ಮುಂದೆ ಮುಚ್ಚಿಡಲಾರೆ. ಇವನಿಂದ ನೊಂದ ಹನ್ನೊಂದು ಜನರ ಗಾಯ ಮಾಯಲಿ. ನಾನು ಇವನನ್ನು ಕ್ಷಮಿಸುತ್ತೇನೆ. ನನ್ನ ಮನಸ್ಸು ಇನ್ನೂ ಒಪ್ಪದಿದ್ದರೆ, ಒಪ್ಪುವ ಬುದ್ಧಿಯನ್ನು ಕೊಡು. ನನ್ನ ಕುರುಡು ನಂಬಿಕೆಯಿಂದ ಇವನ ದಾರಿ ಸುಲಭವಾಯಿತು. ಅದಕ್ಕೆ ಇವನೂ ನನ್ನನ್ನು ಕ್ಷಮಿಸಲಿ. ಧರಣೇಂದ್ರನ ಕರ್ಮಗಳು ಕ್ಷಯವಾಗಲಿ. ಈ ಜೀವಕ್ಕೆ ಸದ್ಗತಿಯಾಗಲಿ. ಈ ಜೀವಕ್ಕೆ ಶಾಂತಿ ದೊರೆಯಲಿ.”